ಅಂಟಿಲ್ಲದ ಉಪ್ಪಿಗೆ ಮುದ್ರೆ, ಅಂಟಿರುವ ಇಂಗಿಗೆ ಮೌನ

ಉಪ್ಪಿನ ಪ್ಯಾಕೆಟ್ಟಿನ ಮೇಲೆ ‘ಗ್ಲುಟೆನ್ ಫ್ರೀ’ ಎಂದು ಅಚ್ಚು ಹಾಕಿಸಿದವರ ಧೈರ್ಯಕ್ಕೆ ಮೊದಲು ಒಂದು ನಮಸ್ಕಾರ. ಸಮುದ್ರದ ನೀರನ್ನು ಪಾತಿಗೆ ಬಿಟ್ಟು, ಬಿಸಿಲಿಗೆ ಒಣಗಿಸಿ, ಬಳಿದು ತೆಗೆದ ಉಪ್ಪಿನೊಳಗೆ ಗೋಧಿಯ ಅಂಟು (ಅದರೊಳಗಿನ ಪ್ರೋಟೀನು, ಇಂಗ್ಲಿಷಿನ ಗ್ಲುಟೆನ್) ಯಾವ ದಾರಿಯಿಂದ ಬರಬೇಕಿತ್ತೋ ಅವರೇ ಹೇಳಬೇಕು. ಪಕ್ಕದಲ್ಲಿ ಕೊಬ್ಬರಿ ಎಣ್ಣೆ, ಅದರಾಚೆ ಬಾಟಲಿ ನೀರು, ಎಲ್ಲವೂ ತಂತಮ್ಮ ಶೀಲ ಸಾರಿಕೊಂಡು ನಿಂತಿವೆ. ಹುಟ್ಟುಬೋಳ ತನ್ನ ತಲೆಯಲ್ಲಿ ಹೇನಿಲ್ಲ ಎಂದು ಸರ್ಟಿಫಿಕೇಟು ಮಾಡಿಸಿಕೊಂಡ ಹಾಗೆ.

ಇದು ಎಲ್ಲೆಡೆಯೂ ಕಾನೂನಿಗೆ ವಿರುದ್ಧ ಎಂದುಕೊಳ್ಳಬೇಡಿ. ಅಮೆರಿಕದ ಆಹಾರ-ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ 2013ರಲ್ಲಿ ತಂದ ನಿಯಮದ ಪ್ರಕಾರ ಬಾಟಲಿ ನೀರು ಕೂಡ ಈ ಬಿರುದನ್ನು ಧಾರಾಳವಾಗಿ ಹೊರಬಹುದು. ಅದೇ ನಿಯಮದ ಇನ್ನೊಂದು ಸೊಗಸು ಕೇಳಿ. ಬಿರುದು ಹಾಕಿಕೊಳ್ಳುವ ಕಂಪನಿ ಪರೀಕ್ಷೆ ಮಾಡಿಸಲೇಬೇಕೆಂಬ ಕಡ್ಡಾಯವಿಲ್ಲ. ಅಂಟು ಕೆಜಿಗೆ 20 ಮಿಲಿಗ್ರಾಂಗಿಂತ ಕಡಿಮೆ ಇರುವಂತೆ ನೋಡಿಕೊಂಡರೆ ಸಾಕು. ಹೇಗೆ ನೋಡಿಕೊಳ್ಳುವುದು ಎಂಬುದು ಅವರವರ ಆತ್ಮಸಾಕ್ಷಿಗೆ ಬಿಟ್ಟ ವಿಚಾರ. ಇದು ಸಾಲದು ಅನಿಸಿದವರಿಗೆ ಹೊರಗಿನ ಪ್ರಮಾಣೀಕರಣ ಸಂಸ್ಥೆಗಳಿವೆ. ಅವುಗಳಲ್ಲಿ ಕೆಲವು ಮಿತಿಯನ್ನು 10ಕ್ಕೆ ಇಳಿಸಿವೆ.

ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಕೂಡ 20 ಎಂದೇ ಹೇಳುತ್ತದೆ. 20ರಿಂದ 100ರವರೆಗೆ ಇದ್ದರೆ ಅದು ‘ಅಂಟು ಕಡಿಮೆ ಇರುವ’ ಆಹಾರ, ‘ಅಂಟಿಲ್ಲದ’ ಆಹಾರವಲ್ಲ. ಈ ಅಂಕಿ ಕಾಗದದ ಮೇಲೆ ಚಿಕ್ಕದು. ಅಡುಗೆಮನೆಗೆ ತಂದು ನೋಡೋಣ. ಒಂದು ಗೋಧಿಕಾಳು ಹೆಚ್ಚುಕಡಿಮೆ 40 ಮಿಲಿಗ್ರಾಂ ತೂಗುತ್ತದೆ. ಅದರಲ್ಲಿ ಅಂಟಿನ ಪಾಲು ಸುಮಾರು ಹತ್ತಕ್ಕೊಂದು, ಅಂದರೆ 4 ಮಿಲಿಗ್ರಾಂ. ಒಂದು ಕೆಜಿ ರಾಗಿಯಲ್ಲಿ ಐದೇ ಐದು ಗೋಧಿಕಾಳು ಬಿದ್ದರೆ ಮಿತಿ ಮುಟ್ಟಿತು. ಆರನೆಯದು ಬಿದ್ದರೆ ಬಿರುದು ಹೋಯಿತು.

ಇಷ್ಟು ಕಟ್ಟುನಿಟ್ಟು ಯಾರಿಗಾಗಿ? ಸೀಲಿಯಾಕ್ ಕಾಯಿಲೆಯವರಿಗಾಗಿ. ಅವರ ಸಣ್ಣಕರುಳಿನ ಒಳಪದರ ಗೋಧಿ, ಬಾರ್ಲಿ, ರೈ ಇವುಗಳ ಅಂಟಿಗೆ ಸಿಕ್ಕಿ ಸವೆಯುತ್ತದೆ. ದಿನಕ್ಕೆ 50 ಮಿಲಿಗ್ರಾಂ ಅಂಟು, ಅಂದರೆ ಅರ್ಧ ಗ್ರಾಂ ಗೋಧಿಹಿಟ್ಟು, ತಿಂಗಳುಗಟ್ಟಲೆ ಒಳಗೆ ಹೋದರೆ ಹಾನಿ ಕರುಳಿನ ತುಣುಕು ತೆಗೆದು ಪರೀಕ್ಷಿಸಿದಾಗ ಕಾಣುವಷ್ಟಾಗಬಹುದು. ಉತ್ತರ ಭಾರತದಲ್ಲಿ ಸುಮಾರು ನೂರಕ್ಕೊಬ್ಬರಿಗೆ, ದಕ್ಷಿಣದಲ್ಲಿ ಸಾವಿರಕ್ಕೊಬ್ಬರಿಗೆ ಈ ಕಾಯಿಲೆ ಇದೆ. ಉಳಿದವರು ಇದೇ ಪ್ಯಾಕೆಟ್ಟನ್ನು ಸೊಂಟ ಸಣ್ಣಗಾಗಲಿ ಎಂದು ಕೊಳ್ಳುತ್ತಾರೆ. ಮರಗೆಣಸಿನ ಪಿಷ್ಟ, ಸಕ್ಕರೆ, ಎಣ್ಣೆ ಕಲಸಿ ಬೇಯಿಸಿದ ಬಿಸ್ಕತ್ತಿಗೂ ಈ ಮುದ್ರೆ ಸಿಗುತ್ತದೆ ಎಂಬುದನ್ನು ಅವರಿಗೆ ಯಾರೂ ಹೇಳಿಲ್ಲ. ಮುದ್ರೆ ಅಳೆಯುವುದು ಅಂಟನ್ನು, ಸೊಂಟವನ್ನಲ್ಲ. ಇನ್ನೂ ಕೆಲವು ಮಹಾನುಭಾವರು ಹೊಟ್ಟೆ ಉಬ್ಬರಿಸಿತೆಂದು ತಾವೇ ಗೋಧಿ ಬಿಟ್ಟು, ಮೂರು ತಿಂಗಳಾದ ಮೇಲೆ ಡಾಕ್ಟರ ಬಳಿ ಹೋಗುತ್ತಾರೆ. ಗೋಧಿ ತಿನ್ನುತ್ತಿರುವಾಗಲೇ ಮಾಡಿಸಬೇಕಾದ ರಕ್ತಪರೀಕ್ಷೆ ಆಗ ‘ಏನೂ ಇಲ್ಲ’ ಎನ್ನಬಹುದು. ಕಳ್ಳನನ್ನು ಓಡಿಸಿ ಆಮೇಲೆ ಪೊಲೀಸರನ್ನು ಕರೆದರೆ ಇನ್ನೇನಾದೀತು.

ನಿಜವಾದ ಪ್ರಮಾಣೀಕರಣ ಬೇಸರದ ಕೆಲಸ. ಮೊದಲು ಪ್ರತಿ ಕಚ್ಚಾವಸ್ತುವಿನ ಮೂಲ ಬೇಕು: ಯಾವ ಗೋದಾಮು, ಯಾವ ಚೀಲ, ಆ ಲಾರಿಯಲ್ಲಿ ಹಿಂದಿನ ಸಲ ಏನು ತುಂಬಿತ್ತು. ಆಮೇಲೆ ಕಾರ್ಖಾನೆ. ಅದೇ ಯಂತ್ರದಲ್ಲಿ ಗೋಧಿಯೂ ಓಡುತ್ತದೆಯೇ, ಓಡಿದರೆ ನಡುವೆ ಹೇಗೆ ತೊಳೆಯುತ್ತಾರೆ, ತೊಳೆದ ಮೇಲೆ ಮೇಲ್ಮೈಯನ್ನು ಹತ್ತಿಯಿಂದ ಒರೆಸಿ ಪರೀಕ್ಷಿಸಿದರೇ, ಗಾಳಿಯಲ್ಲಿ ತೇಲುವ ಹಿಟ್ಟಿನ ಧೂಳು ಎಲ್ಲಿ ಕೂರುತ್ತದೆ. ಕೊನೆಗೆ ಮಾದರಿ ಲ್ಯಾಬಿಗೆ. ಅಲ್ಲಿ ‘ಆರ್5 ಎಲಿಸಾ’ ಎಂಬ ಪರೀಕ್ಷೆಗೆ ತೆಗೆದುಕೊಳ್ಳುವುದು ಕಾಲು ಗ್ರಾಂ. ಹೌದು, ಕಾಲು ಗ್ರಾಂ.

ಅನ್ನ ಬೆಂದಿದೆಯೇ ನೋಡಲು ಒಂದಗುಳು ಹಿಸುಕಿದರೆ ಸಾಕು ಎಂದು ನಾವು ಕಲಿತವರು. ಅಂಟಿನ ವಿಷಯದಲ್ಲಿ ಆ ಬುದ್ಧಿ ನಡೆಯುವುದಿಲ್ಲ. ಐವತ್ತು ಕೆಜಿ ಚೀಲದ ಒಂದು ಮೂಲೆಯಲ್ಲಿ ಒಂದು ಹಿಡಿ ಗೋಧಿ ಕೂತಿರುತ್ತದೆ, ಉಳಿದ ಮೂರು ಮೂಲೆ ಪರಮ ಪವಿತ್ರ. ಮೇಲಿನಿಂದ ಬೊಗಸೆ ತೆಗೆದು ಕಳಿಸಿದರೆ ವರದಿ ಹಾಲಿನಷ್ಟು ಬಿಳಿಯಾಗಿ ಬರುತ್ತದೆ. ಅದಕ್ಕೇ ಹಲವು ಕಡೆಯಿಂದ ತೆಗೆದು, ಕೂಡಿಸಿ, ನುಣ್ಣಗೆ ಬೀಸಿ, ಆಮೇಲೆ ಕಾಲು ಗ್ರಾಂ ಎತ್ತಬೇಕು. ಆದರೆ ಮಾದರಿಯನ್ನು ಆರಿಸುವವರು, ಕಳಿಸುವವರು, ಶುಲ್ಕ ಕಟ್ಟುವವರು ಎಲ್ಲ ಕಂಪನಿಯವರೇ ಆಗಿದ್ದು, ಕಳಿಸಿದ್ದು ವರ್ಷಕ್ಕೊಂದೇ ಆದರೆ, ಆ ವರದಿ ಮದುವೆಗೆ ಗಂಡು ಕಳಿಸಿದ ಫೋಟೋ ಇದ್ದಂತೆ. ಸುಳ್ಳಲ್ಲ. ಚೆನ್ನಾಗಿ ಬಂದದ್ದನ್ನು ಆರಿಸಿ ಕಳಿಸಿದ್ದು, ಅಷ್ಟೆ.

ಈಗ ನಮ್ಮ ಬೀದಿಯ ಹಿಟ್ಟಿನ ಗಿರಣಿಗೆ ಬನ್ನಿ. ರಾಗಿ ಹುಟ್ಟಾ ಅಂಟಿಲ್ಲದ ಧಾನ್ಯ. ಜೋಳ, ಅಕ್ಕಿ, ನವಣೆ, ಸಜ್ಜೆ ಎಲ್ಲವೂ ಹಾಗೆಯೇ. ಆದರೆ ಸಾಲಿನಲ್ಲಿ ನಿಮಗಿಂತ ಮುಂದೆ ಇದ್ದವರು ಐದು ಕೆಜಿ ಗೋಧಿ ಬೀಸಿಸಿಕೊಂಡು ಹೋದರು. ಕಲ್ಲಿನ ಸಂದಿಯಲ್ಲಿ, ಹಿಟ್ಟು ಇಳಿಯುವ ಬಟ್ಟೆಯ ಚೀಲದಲ್ಲಿ ಒಂದಿಷ್ಟು ಉಳಿಯಿತು. ಆ ಉಳಿಕೆಯಲ್ಲಿ ಒಂದೇ ಗ್ರಾಂ ನಿಮ್ಮ ಒಂದು ಕೆಜಿ ರಾಗಿಹಿಟ್ಟಿಗೆ ಸೇರಿದರೂ 100 ಮಿಲಿಗ್ರಾಂ ಅಂಟು, ಮಿತಿಯ ಐದು ಪಟ್ಟು. ಗಿರಣಿಯವರು ‘ಒಂದು ಹಿಡಿ ಅಕ್ಕಿ ಹಾಕಿ ಬಳಿದು ಬಿಡ್ತೀವಿ ಬಿಡಿ ಅಕ್ಕಾ’ ಅನ್ನುತ್ತಾರೆ. ಅದರಿಂದ ಉಳಿಕೆ ಕಡಿಮೆಯಾಗುತ್ತದೆ, ಇಲ್ಲವಾಗುವುದಿಲ್ಲ. ಬಟ್ಟೆಯ ಚೀಲವನ್ನಂತೂ ಗಿರಣಿ ಶುರುವಾದ ದಿನದಿಂದ ಯಾರೂ ಒಗೆದಂತಿಲ್ಲ. ಕಾಯಿಲೆಯವರಿರುವ ಮನೆಗೆ ಬೇರೆಯದೇ ಮಿಕ್ಸಿ ಜಾರು, ಅಥವಾ ಮನೆಯಲ್ಲೇ ಪುಟ್ಟದೊಂದು ಗಿರಣಿ, ಇವೇ ಗತಿ.

ಇನ್ನು ನಂಬಿಕೆಗಳ ಸಾಲು. ಜವೆಗೋಧಿ (ಬಾರ್ಲಿಯಲ್ಲ, ಖಪ್ಲಿ ಗೋಧಿ) ಅಂಟಿಲ್ಲದ್ದಂತೆ! ಉತ್ತರ ಕರ್ನಾಟಕದ ಈ ಹಳೆಯ ತಳಿ ರುಚಿಗೆ, ಶಾವಿಗೆಗೆ, ಮಾದಲಿಗೆ ಎತ್ತಿದ ಕೈ. ಆದರೆ ಅದು ಗೋಧಿಯೇ, ಅದರಲ್ಲಿ ಅಂಟು ಇದ್ದೇ ಇದೆ. ಹಳೆಯ ತಳಿ ಎಂದ ಮಾತ್ರಕ್ಕೆ ಕರುಳು ಗೌರವ ಕೊಡುವುದಿಲ್ಲ. ಬೇಕರಿಯ ರಾಗಿ ಬಿಸ್ಕತ್ತಿನ ಹಿಂಬದಿ ಓದಿ, ಮೊದಲ ಹೆಸರು ಮೈದಾ ಆಗಿದ್ದರೆ ರಾಗಿ ಅಲ್ಲಿ ಬಣ್ಣಕ್ಕೆ ಮಾತ್ರ. ರವೆ ಇಡ್ಲಿ ಹೆಸರಲ್ಲಿ ಇಡ್ಲಿ, ಒಡಲಲ್ಲಿ ಗೋಧಿ. ಗೋಬಿ ಮಂಚೂರಿ ಹೂಕೋಸಿನದ್ದು ನಿಜ, ಆದರೆ ಅದರ ಅಂಗಿ ಮೈದಾದ್ದು, ಮೇಲೆ ಸುರಿದ ಸೋಯಾ ಸಾಸು ಸಾಮಾನ್ಯವಾಗಿ ಗೋಧಿ ಸೇರಿಸಿ ಹುದುಗಿಸಿದ್ದು. ಇತ್ತ ಪಾಪದ ರಾಗಿ ಮಾಲ್ಟಿಗೆ, ‘ಮಾಲ್ಟ್’ ಎಂಬ ಹೆಸರಿನಿಂದಾಗಿ ಬಾರ್ಲಿಯ ಅನುಮಾನ ಅಂಟಿಕೊಂಡಿದೆ. ಮನೆಯಲ್ಲಿ ರಾಗಿ ಮೊಳಕೆ ಕಟ್ಟಿ ಹುರಿದು ಮಾಡಿದ್ದಕ್ಕೆ ಆ ಅಪವಾದವಿಲ್ಲ.

ಇನ್ನು ಕಪಾಟಿನ ಕೆಳಸಾಲಿನಲ್ಲಿ ಮೌನವಾಗಿ ಕೂತ ಇಂಗಿನ ಡಬ್ಬಿ. ಶುದ್ಧ ಇಂಗಿನ ಘಾಟು ತಡೆಯಲಾಗದ್ದರಿಂದ ಗೋಂದು, ಪಿಷ್ಟ, ಇಲ್ಲವೇ ಧಾನ್ಯದ ಹಿಟ್ಟು ಬೆರೆಸಿ ಮಾರುವುದಕ್ಕೆ ಕಾನೂನೇ ಒಪ್ಪಿದೆ. ಮದ್ಯಸಾರದಲ್ಲಿ ಕರಗುವ ಸತ್ವ ಶೇ. 5 ಇದ್ದರೆ ಸಾಕು. ಎಷ್ಟೋ ಡಬ್ಬಿಗಳಲ್ಲಿ ಆ ಹಿಟ್ಟು ಗೋಧಿಯದ್ದು ಅಥವಾ ಮೈದಾ. ಲೆಕ್ಕ ಹಾಕೋಣ. ಕಾಲು ಗ್ರಾಂ ಇಂಗಿನಲ್ಲಿ ಅರ್ಧ ಮೈದಾ ಎಂದುಕೊಂಡರೆ ಸುಮಾರು 12 ಮಿಲಿಗ್ರಾಂ ಅಂಟು. ಎರಡು ಕೆಜಿ ಸಾಂಬಾರಿಗೆ ಬಿದ್ದರೆ ಕೆಜಿಗೆ 6, ಮಿತಿಯೊಳಗೇ. ಅದೇ ಚಿಟಿಕೆಯನ್ನು 200 ಗ್ರಾಂ ಮೊಸರುಬಜ್ಜಿಯ ಒಗ್ಗರಣೆಗೆ ಹಾಕಿದರೆ ಕೆಜಿಗೆ 60, ಮಿತಿಯ ಮೂರು ಪಟ್ಟು. ಅಕ್ಕಿಹಿಟ್ಟು ಬೆರೆಸಿದ ಇಂಗೂ ಸಿಗುತ್ತದೆ. ಪದಾರ್ಥಗಳ ಪಟ್ಟಿಯಲ್ಲಿ ಗೋಧಿ ಇದ್ದರೆ ಹೇಳಲೇಬೇಕೆಂಬ ನಿಯಮವಿದೆ, ಹೇಳಿರುತ್ತಾರೆ ಕೂಡ, ಭೂತಗನ್ನಡಿ ಜೇಬಿನಲ್ಲಿದ್ದವರಿಗೆ ಕಾಣುತ್ತದೆ. ಉಪ್ಪಿನ ಮೇಲೆ ಹೆಬ್ಬೆಟ್ಟಿನಷ್ಟು ದಪ್ಪ ಅಕ್ಷರ, ಇಂಗಿನ ಮೇಲೆ ಇರುವೆಯ ಹೆಜ್ಜೆ. ಬಿಡಿಯಾಗಿ ತೂಗಿ ಕಾಗದದಲ್ಲಿ ಕಟ್ಟಿಕೊಟ್ಟ ಇಂಗಿಗೆ ಇರುವೆಯೂ ಇಲ್ಲ.

ಹೋಟೆಲುಗಳೂ ಈಗ ಹಿಂದೆ ಬಿದ್ದಿಲ್ಲ. ‘ಗ್ಲುಟೆನ್ ಫ್ರೀ ದೋಸೆ’ ಎಂದು ಮೆನುವಿನಲ್ಲಿ ಎಲೆಯ ಚಿತ್ರದೊಂದಿಗೆ ಬರೆದು ಇಪ್ಪತ್ತು ರೂಪಾಯಿ ಜಾಸ್ತಿ ಮಾಡುತ್ತಾರೆ. ಅಕ್ಕಿ, ಉದ್ದಿನ ದೋಸೆ ಸೃಷ್ಟಿಯಾದಂದಿನಿಂದ ಅಂಟಿಲ್ಲದ್ದೇ ಅಲ್ಲವೇ, ಆ ಇಪ್ಪತ್ತು ಯಾತಕ್ಕೆ ಎಂದು ಕೇಳಿದರೆ ‘ಸ್ಪೆಷಲ್ ಸಾರ್’ ಎನ್ನುತ್ತಾರೆ. ಆ ಸ್ಪೆಷಲ್ ದೋಸೆ ಏಳುವುದು ರವೆ ದೋಸೆ ಎದ್ದ ಕಾವಲಿಯ ಮೇಲೆ, ಪರೋಟ ಮಗುಚಿದ ಸಟ್ಟುಗದಿಂದ. ಜೊತೆಗೆ ಬರುವ ಉದ್ದಿನ ವಡೆ ಪೂರಿ ಕರಿದ ಎಣ್ಣೆಯಲ್ಲೇ ಈಜಿ ಬಂದದ್ದು. ಚಟ್ನಿಯ ಒಗ್ಗರಣೆಗೆ ಯಾವ ಇಂಗು ಎಂದು ಅಡುಗೆಭಟ್ಟರನ್ನು ಕೇಳಿದರೆ, ‘ಒಳ್ಳೇ ಇಂಗೇ’ ಎನ್ನುತ್ತಾರೆ. ಮೇಜಿನ ಮೇಲಿನ ನೀರಿನ ಬಾಟಲಿಯನ್ನು ಮಾತ್ರ ನಿಶ್ಚಿಂತೆಯಿಂದ ಕುಡಿಯಿರಿ. ಮುದ್ರೆ ಇದೆ.