ಬಿಟ್ಟ ಸ್ಥಳ ತುಂಬಿರಿ, ಪೇಪರ್ ಬರೆಯಿರಿ

ಶಾಲೆಯ ಪರೀಕ್ಷೆಯಲ್ಲಿ ಬಿಟ್ಟ ಸ್ಥಳ ತುಂಬಿದರೆ ಒಂದು ಅಂಕ. ತಳಿವಿಜ್ಞಾನದ ಜರ್ನಲ್‌ಗಳಲ್ಲಿ, ಅಂದರೆ ಸಂಶೋಧನಾ ಪೇಪರ್‌ಗಳು ಅಚ್ಚಾಗುವ ಪತ್ರಿಕೆಗಳಲ್ಲಿ, ಅದೇ ಕೆಲಸ ಮಾಡಿದರೆ ಡಾಕ್ಟರೇಟ್ ಸಿಗುತ್ತದೆ, ಬಡ್ತಿ ಸಿಗುತ್ತದೆ, ಪ್ರಕಟಣೆಗಳ ಪಟ್ಟಿ ಮಾರುದ್ದ ಬೆಳೆಯುತ್ತದೆ. ತುಂಬಬೇಕಾದ ವಾಕ್ಯವೂ ಕಷ್ಟದ್ದಲ್ಲ: 'ಡ್ಯಾಶ್ ಜೀನ್ ಡ್ಯಾಶ್ ಮಾರ್ಗದ ಮೂಲಕ ಡ್ಯಾಶ್ ಕ್ಯಾನ್ಸರ್‌ನ ಬೆಳವಣಿಗೆಯನ್ನು ಹೆಚ್ಚಿಸುತ್ತದೆ.' ಹೆಚ್ಚಿಸುತ್ತದೆ ಅಂತ ಹೋದ ತಿಂಗಳೇ ಯಾರೋ ಬರೆದುಬಿಟ್ಟಿದ್ದಾರಾ? ಚಿಂತೆ ಬೇಡ, 'ತಗ್ಗಿಸುತ್ತದೆ' ಅಂತ ಬರೆಯಿರಿ. ಅದೂ ಹೊಸ ಸಂಶೋಧನೆಯೇ.

ಸುಮ್ನೆ ಲೆಕ್ಕ ಹಾಕಿ ನೋಡಿ. ಮನುಷ್ಯರಲ್ಲಿ ಪ್ರೋಟೀನ್ ತಯಾರಿಸುವ ಜೀನ್‌ಗಳು ಸುಮಾರು 20,000. ಕ್ಯಾನ್ಸರ್‌ನಲ್ಲಿ ನೂರಕ್ಕೂ ಹೆಚ್ಚು ಬಗೆಗಳಿವೆ. ಗುಣಿಸಿದರೆ 20 ಲಕ್ಷ ಪೇಪರ್. ನಡುವಿನ 'ಮಾರ್ಗ'ಗಳನ್ನು, ಅಂದರೆ ಕೋಶದೊಳಗೆ ಸಂದೇಶ ದಾಟಿಸುವ ಸರಪಳಿಗಳನ್ನು, ಇನ್ನೂ ಎಣಿಸಿಯೇ ಇಲ್ಲ. ಅಲ್ಲಿಗೆ ಈ ವೃತ್ತಿಯಲ್ಲಿ ಇನ್ನು ನಾಲ್ಕು ತಲೆಮಾರಿಗೆ ಯಾರೂ ಯೋಚನೆ ಮಾಡಬೇಕಾದ ಅಗತ್ಯವಿಲ್ಲ.

ಇಷ್ಟು ದೊಡ್ಡ ಬಯಲಿದ್ದರೆ ಎಲ್ಲರೂ ಒಂದೊಂದು ಮೂಲೆ ಹಿಡಿದು ಅಗೆಯುತ್ತಿರಬೇಕು ಅಂದುಕೊಂಡಿರಾ? ಇಲ್ಲ. 2018ರಲ್ಲಿ ಕೆಲವರು ಕೂತು ಲೆಕ್ಕ ಹಾಕಿದರು. 20,000ದಲ್ಲಿ ಸುಮಾರು 2,000 ಜೀನ್‌ಗಳ ಮೇಲೆಯೇ ಹೆಚ್ಚಿನ ಸಂಶೋಧನೆ ನಡೆಯುತ್ತಿದೆ ಎಂದು ಗೊತ್ತಾಯಿತು. ಕಾರಣ ಏನು? ಆ ಜೀನ್‌ಗಳು ರೋಗಕ್ಕೆ ಅಷ್ಟೊಂದು ಮುಖ್ಯವೇ? ಹಾಗೇನೂ ಇಲ್ಲ. ಹಿಂದಿನ ಕಾಲದ ಉಪಕರಣಗಳಿಗೆ ಅವು ಸುಲಭವಾಗಿ ಸಿಕ್ಕವು. ಗುರುಗಳು ಅವನ್ನೇ ಹಿಡಿದರು, ಶಿಷ್ಯರು ಗುರುಗಳನ್ನು ಹಿಡಿದರು. ಎಲ್ಲಕ್ಕೂ ಮೇಲೆ ಟಿಪಿ53 ಎಂಬ ಮಹಾರಾಜ ಕೂತಿದ್ದಾನೆ. 2017ರ ಒಂದು ಎಣಿಕೆಯಂತೆ ಅವನೊಬ್ಬನ ಮೇಲೆಯೇ ದಿನಕ್ಕೆ ಹೆಚ್ಚುಕಡಿಮೆ ಎರಡು ಪೇಪರ್ ಬರುತ್ತಿದ್ದವು. ಅರ್ಧದಷ್ಟು ಕ್ಯಾನ್ಸರ್‌ಗಳಲ್ಲಿ ಕೆಟ್ಟುಹೋಗಿರುವ ಜೀನ್ ಅದು, ಗೌರವ ಸಲ್ಲಲೇಬೇಕು. ಆದರೆ ದಿನಕ್ಕೆ ಎರಡು ಸಲ ಮಂಗಳಾರತಿ ಯಾವ ದೇವರಿಗೂ ಸ್ವಲ್ಪ ಜಾಸ್ತಿಯೇ, ಅಲ್ವಾ?

ಅತ್ತ ಹೆಸರೇ ಕೇಳದ ಸಾವಿರಾರು ಜೀನ್‌ಗಳು ಯಾರಾದರೂ ಬಂದಾರು ಅಂತ ಕಾದು ಕೂತಿವೆ. ಅವುಗಳ ಹತ್ತಿರ ಹೋದರೆ ಅನುದಾನ ಸಿಗುವುದಿಲ್ಲ. 'ಈ ಜೀನ್ ಬಗ್ಗೆ ಹಿಂದಿನ ಅಧ್ಯಯನ ಕಡಿಮೆ ಇದೆ, ಹಾಗಾಗಿ ಅಧ್ಯಯನ ಮಾಡುವುದು ಸೂಕ್ತವಲ್ಲ' ಎಂಬ ತರ್ಕವನ್ನು ಸಮಿತಿಗಳು ಮುಖ ಗಂಟು ಹಾಕದೇ ಹೇಳಬಲ್ಲವು.

ಫ್ಯಾಷನ್ನಿನ ವಿಷಯಕ್ಕೆ ಬಂದರೆ ಬಟ್ಟೆ ಅಂಗಡಿಯವರು ಇವರಿಂದ ಕಲಿಯಬೇಕು. ಮೊದಲು ಮೈಕ್ರೋ ಆರ್‌ಎನ್‌ಎ (ಡಿಎನ್‌ಎ ನೋಡಿ ಕೋಶ ಬರೆದುಕೊಳ್ಳುವ ನಕಲಿನ ಪುಟ್ಟ ತುಂಡು) ಬಂತು. ಆಮೇಲೆ ಉದ್ದದ ಆರ್‌ಎನ್‌ಎ, ಆಮೇಲೆ ದುಂಡಗಿನ ಆರ್‌ಎನ್‌ಎ. ಕಬ್ಬಿಣದ ದೆಸೆಯಿಂದ ಕೋಶ ಸಾಯುವ ಬಗೆಗೆ 2012ರಲ್ಲಿ ಫೆರಾಪ್ಟೋಸಿಸ್ ಎಂದು ಹೆಸರಿಟ್ಟರು. ತಾಮ್ರದಿಂದ ಸಾಯುವುದಕ್ಕೆ 2022ರಲ್ಲಿ ಕ್ಯುಪ್ರಾಪ್ಟೋಸಿಸ್ ಎಂದಾಯಿತು. ಎರಡೂ ಒಳ್ಳೆಯ, ಗಟ್ಟಿ ಕೆಲಸಗಳೇ. ಆದರೆ ಹೆಸರು ಅಚ್ಚಾಗಿ ಕೆಲವೇ ತಿಂಗಳಿಗೆ 'ತಾಮ್ರಸಂಬಂಧಿ ಜೀನ್‌ಗಳಿಂದ ಡ್ಯಾಶ್ ಕ್ಯಾನ್ಸರ್ ರೋಗಿಯ ಆಯಸ್ಸಿನ ಅಂದಾಜು' ಎಂಬ ಪೇಪರ್‌ಗಳು ಸಾಲುಗಟ್ಟಿ ಬಂದವು. ರೋಗಿಯನ್ನು ನೋಡಬೇಕಿಲ್ಲ, ಕೋಶ ಬೆಳೆಸಬೇಕಿಲ್ಲ. ಸಾರ್ವಜನಿಕ ದತ್ತಾಂಶ ಇಳಿಸಿಕೊಂಡರೆ ಆಯಿತು. ಲೋಹಗಳ ಪಟ್ಟಿ ಇನ್ನೂ ಉದ್ದವಿದೆ. ಸತುವನ್ನು ಈಗಲೇ ಯಾರಾದರೂ ಕಾಯ್ದಿರಿಸಿಕೊಳ್ಳುವುದು ಒಳ್ಳೆಯದು.

ಒಂದು ಕಾಲಕ್ಕೆ ಸ್ವಭಾವದ ಜೀನ್‌ಗಳಿಗೂ ಭಾರೀ ಬೇಡಿಕೆ ಇತ್ತು. ಸಿಟ್ಟಿಗೆ ಎಂಎಒಎ ಎಂಬ ಜೀನ್ ಕಾರಣ ಎಂದರು, ಅದಕ್ಕೆ 'ಯೋಧ ಜೀನ್' ಎಂಬ ಬಿರುದೂ ಸಿಕ್ಕಿತು. ಆತಂಕದ ಸ್ವಭಾವಕ್ಕೆ ಸೆರೊಟೋನಿನ್ ಎಂಬ ಮೆದುಳಿನ ರಾಸಾಯನಿಕವನ್ನು ಸಾಗಿಸುವ ಜೀನಿನ ಒಂದು ತುಂಡೇ ಕಾರಣ ಎಂದು 1996ರಲ್ಲಿ ಶುರುವಾದ ಮಾತು, ಖಿನ್ನತೆಗೂ ಹಬ್ಬಿ ನೂರಾರು ಪೇಪರ್‌ಗಳಾಗಿ ಬೆಳೆಯಿತು. 2019ರಲ್ಲಿ ಖಿನ್ನತೆಯ ಇಂಥ 18 ಪ್ರಸಿದ್ಧ ಜೀನ್‌ಗಳನ್ನು ಲಕ್ಷಗಟ್ಟಲೆ ಜನರ ದತ್ತಾಂಶದಲ್ಲಿ ಪರೀಕ್ಷಿಸಿದರು. ಕಣ್ಣು ಮುಚ್ಚಿ ಎತ್ತಿಕೊಂಡ ಬೇರೆ ಜೀನ್‌ಗಳಿಗಿಂತ ಇವು ಏನೂ ಹೆಚ್ಚಲ್ಲ ಎಂದು ಹೊರಬಿತ್ತು. ಎರಡು ದಶಕ, ನೂರಾರು ಪೇಪರ್, ಅವುಗಳನ್ನು ಉಲ್ಲೇಖಿಸಿದ ಇನ್ನಷ್ಟು ಪೇಪರ್. ಹಳೆಯವನ್ನು ಯಾರಾದರೂ ಹಿಂತೆಗೆದುಕೊಂಡರಾ ಅಂತ ಕೇಳಬೇಡಿ. ಅದರ ಮೇಲೇ ಬಡ್ತಿ ಪಡೆದು ನಿವೃತ್ತರಾದವರನ್ನು ಈಗ ಹಿಂದಕ್ಕೆ ಕರೆಯಲಾಗುತ್ತದೆಯೇ?

ಇಷ್ಟೆಲ್ಲ ಅಚ್ಚಾಗುವುದನ್ನು ಓದುವವರು ಯಾರು? ಲೇಖಕರು ಓದುತ್ತಾರೆ, ಅಚ್ಚಿಗೆ ಮುಂಚೆ ಪರಿಶೀಲಿಸುವ ರಿವ್ಯೂವರ್ ಓದುತ್ತಾರೆ, ಸಂಪಾದಕರು ಓದುತ್ತಾರೆ ಎಂಬುದು ನಂಬಿಕೆ. ಈ ನಂಬಿಕೆಗೆ ಎಕ್ಸೆಲ್ ಒಂದು ಪರೀಕ್ಷೆ ಒಡ್ಡಿತು. ಸೆಪ್ಟಿನ್ ಕುಟುಂಬದ ಒಂದು ಜೀನಿಗೆ 'ಸೆಪ್ಟ್ 2' ಎಂಬ ಚಿಕ್ಕ ಹೆಸರಿತ್ತು. ಎಕ್ಸೆಲ್‌ನಲ್ಲಿ ಅದನ್ನು ಟೈಪ್ ಮಾಡಿ ಎಂಟರ್ ಒತ್ತಿದರೆ ಸೆಪ್ಟೆಂಬರ್ 2 ಆಗುತ್ತಿತ್ತು. 'ಮಾರ್ಚ್ 1' ಎಂಬ ಜೀನ್ ಮಾರ್ಚ್ ತಿಂಗಳ ಮೊದಲನೆಯ ತಾರೀಖಾಗುತ್ತಿತ್ತು. ಜೀನ್‌ಗಳ ಪಟ್ಟಿಯ ನಡುವೆ ಕ್ಯಾಲೆಂಡರ್ ಬಂದು ಕೂತರೂ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. 2004ರಲ್ಲೇ ಈ ಬಗ್ಗೆ ಎಚ್ಚರಿಕೆಯ ಪೇಪರ್ ಬಂದಿತ್ತು. ಅದನ್ನೂ ಯಾರೂ ಓದಿರಲಿಕ್ಕಿಲ್ಲ. ಏಕೆಂದರೆ 2016ರಲ್ಲಿ ಎಣಿಸಿದಾಗ, ಎಕ್ಸೆಲ್‌ನಲ್ಲಿ ಜೀನ್ ಪಟ್ಟಿ ಕೊಟ್ಟಿದ್ದ ಪೇಪರ್‌ಗಳಲ್ಲಿ ಐದಕ್ಕೊಂದರಲ್ಲಿ ಇಂಥ ತಪ್ಪು ಸಿಕ್ಕಿತು. ಹೆಸರಾಂತ ಜರ್ನಲ್‌ಗಳೂ ಅದರಲ್ಲಿದ್ದವು.

ಕೊನೆಗೆ ಏನು ಮಾಡಿದರು? ಸಾಫ್ಟ್‌ವೇರ್ ಬದಲಾಗುವ ಲಕ್ಷಣ ಕಾಣಲಿಲ್ಲ. ಸಂಶೋಧಕರು ತಮ್ಮ ಪಟ್ಟಿಯನ್ನು ಒಮ್ಮೆ ಕಣ್ಣಾಡಿಸಿ ನೋಡುತ್ತಾರೆ ಎಂಬ ಆಸೆಯೂ ಉಳಿದಿರಲಿಲ್ಲ. ಹಾಗಾಗಿ 2020ರಲ್ಲಿ ನಾಮಕರಣ ಸಮಿತಿ ಮನುಷ್ಯರ ಜೀನ್‌ಗಳ ಹೆಸರನ್ನೇ ಬದಲಾಯಿಸಿತು. 'ಸೆಪ್ಟ್' ಹೋಗಿ 'ಸೆಪ್ಟಿನ್' ಆಯಿತು, 'ಮಾರ್ಚ್'ಗೆ ಕೊನೆಯಲ್ಲೊಂದು 'ಎಫ್' ಬಂತು. ಕೋಟ್ಯಂತರ ವರ್ಷ ವಿಕಾಸಗೊಂಡ ಜೀನ್ ಒಂದು ಸ್ಪ್ರೆಡ್‌ಶೀಟಿಗೆ ತಲೆಬಾಗಿತು. ಆ ಪರಿವರ್ತನೆಯನ್ನು ನಿಲ್ಲಿಸುವ ಆಯ್ಕೆಯನ್ನು ಮೈಕ್ರೋಸಾಫ್ಟ್ 2023ರಲ್ಲಿ ಕೊಟ್ಟಿತು. ಜೀನ್‌ಗಳು ಹೊಸ ಹೆಸರಿಗೆ ಒಗ್ಗಿಕೊಂಡ ಮೇಲೆ.

ಪ್ರಕಟಣೆಯ ವ್ಯವಹಾರವೂ ಸರಳ. ಲೇಖಕರು ಬರೆಯಬೇಕು, ರಿವ್ಯೂವರ್ ಪುಕ್ಕಟೆ ಪರಿಶೀಲಿಸಬೇಕು, ಪ್ರಕಾಶಕರು ಬಿಲ್ ಕಳಿಸಬೇಕು. ಎಲ್ಲರಿಗೂ ಉಚಿತವಾಗಿ ಓದಲು ಸಿಗುವಂತೆ ನೇಚರ್ ಪತ್ರಿಕೆಯಲ್ಲಿ ಒಂದು ಪೇಪರ್ ಹಾಕಿಸಲು 2021ರಲ್ಲಿ ಇಟ್ಟ ದರ 9,500 ಯೂರೋ. ಪೇಪರ್ ಜಾಸ್ತಿಯಾದಷ್ಟೂ ಬಿಲ್ ಜಾಸ್ತಿ ಎಂಬ ಕಡೆ 'ಬೇಡ' ಅನ್ನುವ ಸಂಪಾದಕರಿದ್ದರೆ ಅವರು ಸಂತರೇ ಸರಿ.

ಈ ಬಿಟ್ಟ ಸ್ಥಳಗಳನ್ನು ಒಬ್ಬರು ನಿಜಕ್ಕೂ ಓದಿದರು. ಆಸ್ಟ್ರೇಲಿಯಾದ ಕ್ಯಾನ್ಸರ್ ಸಂಶೋಧಕಿ ಜೆನಿಫರ್ ಬರ್ನ್. ತಾವು ಹಿಂದೆ ಅಧ್ಯಯನ ಮಾಡಿದ್ದ, ಅಷ್ಟೇನೂ ಹೆಸರಿಲ್ಲದ ಜೀನ್ ಕುಟುಂಬದ ಮೇಲೆ ಇದ್ದಕ್ಕಿದ್ದಂತೆ ಪೇಪರ್‌ಗಳು ಬರತೊಡಗಿದ್ದು ಅವರ ಕಣ್ಣಿಗೆ ಬಿತ್ತು. ಎಲ್ಲವೂ ಒಂದೇ ಎರಕದಲ್ಲಿ ಹೊಯ್ದಂತಿದ್ದವು. ಜೀನನ್ನು ಸುಮ್ಮನಾಗಿಸಲು ಬಳಸಿದ್ದೇವೆ ಎಂದು ಕೊಟ್ಟಿದ್ದ ಅಕ್ಷರಗಳ ಸಾಲನ್ನು ಅವರು ಪರೀಕ್ಷಿಸಿದರು. ಎ, ಟಿ, ಜಿ, ಸಿ ಎಂಬ ಡಿಎನ್‌ಎಯ ನಾಲ್ಕೇ ಅಕ್ಷರ, ಸಾಲಿನ ಉದ್ದ ಇಪ್ಪತ್ತರ ಆಸುಪಾಸು. ಆಮೇಲೆ ಸಿರಿಲ್ ಲಾಬೆ ಎಂಬ ಕಂಪ್ಯೂಟರ್ ವಿಜ್ಞಾನಿಯ ಜೊತೆ ಸೇರಿ ಈ ತನಿಖೆಗೇ ಒಂದು ಸಾಫ್ಟ್‌ವೇರ್ ಮಾಡಿದರು. ಸಾಲು ತಪ್ಪಿದ್ದ ಪೇಪರ್‌ಗಳು ನೂರುಗಟ್ಟಲೆ ಸಿಕ್ಕವು. ಕೆಲವದರಲ್ಲಿ ಗುರಿ ಇಟ್ಟ ಜೀನಿಗೆ ತಾಕಬೇಕಾದ ಸಾಲು ಯಾವ ಜೀನಿಗೂ ತಾಕುವಂತಿರಲಿಲ್ಲ. ಯಾವುದಕ್ಕೂ ತಾಕಬಾರದು ಎಂದು ಹೋಲಿಕೆಗೆ ಇಟ್ಟಿದ್ದ ಸಾಲು ಇನ್ಯಾವುದೋ ಜೀನಿಗೆ ನೆಟ್ಟಗೆ ಹೋಗಿ ತಾಕುವಂತಿತ್ತು. ಇಷ್ಟಾದರೂ ಪೇಪರಿನಲ್ಲಿ ಕ್ಯಾನ್ಸರ್ ಕೋಶಗಳು ಶಿಸ್ತಾಗಿ, ಹೇಳಿದ ಪ್ರಮಾಣದಲ್ಲಿ, ಹೇಳಿದ ಗಂಟೆಗೆ ಸತ್ತಿದ್ದವು.

ಇಂಥ ತಪ್ಪು ಸಿಕ್ಕಾಗ ಜರ್ನಲ್‌ಗಳು ಹಾಕುವ ತಿದ್ದುಪಡಿಗೂ ಒಂದು ಸಿದ್ಧ ವಾಕ್ಯವಿದೆ: 'ಅಕ್ಷರಗಳ ಸಾಲು ತಪ್ಪಾಗಿ ಅಚ್ಚಾಗಿದೆ, ಲೇಖನದ ತೀರ್ಮಾನಕ್ಕೆ ಇದರಿಂದ ಬಾಧೆಯಿಲ್ಲ.' ಖಂಡಿತ ಇಲ್ಲ. ತೀರ್ಮಾನ ಪ್ರಯೋಗದಿಂದ ಬಂದಿದ್ದರೆ ತಾನೇ ಬಾಧೆ?