‘ರಾಂಗ್ ರೀಜನ್’ ಅಂದರೆ ಡಿಸ್ಕ್ ಕೆಟ್ಟಿದೆ ಅಂತಲ್ಲ

ಅಕ್ಕ ಅಮೆರಿಕದಿಂದ ಬರುವಾಗ ಅಮ್ಮನಿಗೆಂದೇ ಹಳೆಯ ಕಪ್ಪು-ಬಿಳುಪು ಸಿನಿಮಾಗಳ ಡಿವಿಡಿ ಸೆಟ್ ತಂದಿದ್ದಳು. ಸೀಲ್ ಬಿಚ್ಚಿ ಮೊದಲ ಡಿಸ್ಕ್ ಹಾಕಿದೆ. ಪ್ಲೇಯರ್ ಒಂದು ಕ್ಷಣ ಗಿರಗಿರ ಅಂದು ನಿಂತಿತು. ಪರದೆ ಮೇಲೆ ಎರಡೇ ಪದ: ‘ರಾಂಗ್ ರೀಜನ್’. ಅಮ್ಮ, “ಡಿಸ್ಕೇ ಕೆಟ್ಟಿರಬೇಕು ಬಿಡು. ಪಾಪ, ಅಷ್ಟು ದೂರದಿಂದ ಹೊತ್ತು ತಂದಿದ್ದಾಳೆ, ಅವಳಿಗೆ ಹೇಳಬೇಡ” ಅಂದರು.

ಡಿಸ್ಕಿಗೆ ಏನೂ ಆಗಿರಲಿಲ್ಲ. ಇದನ್ನು ಎಲ್ಲರಿಗೂ ಕೂಗಿ ಹೇಳಬೇಕು ಅನ್ನಿಸುತ್ತೆ ನನಗೆ. ಆ ಸಂದೇಶ ಬಂತು ಅಂದರೆ ಪ್ಲೇಯರ್ ಡಿಸ್ಕನ್ನು ಸರಿಯಾಗಿ ಓದಿದೆ, ಅದರ ರೀಜನ್ ನಂಬರನ್ನೂ, ಅಂದರೆ ಜಗತ್ತಿನ ಯಾವ ಭಾಗದಲ್ಲಿ ಓಡಬೇಕಾದ ಡಿಸ್ಕ್ ಅಂತ ಹೇಳುವ ಅಂಕಿಯನ್ನೂ ನೋಡಿದೆ, ನೋಡಿಯೇ ಬೇಡ ಅಂದಿದೆ. ಗೀರು ಬಿದ್ದ ಡಿಸ್ಕ್ ಹೀಗೆ ಮಾಡಲ್ಲ. ಅದು ‘ನೋ ಡಿಸ್ಕ್’ ಅನ್ನುತ್ತೆ, ಇಲ್ಲವೇ ಅರ್ಧ ದಾರಿಯಲ್ಲಿ ಚೌಕ ಚೌಕವಾಗಿ ಒಡೆದು ನಿಲ್ಲುತ್ತೆ. ಧ್ವನಿ ಚೆನ್ನಾಗಿದ್ದು ಚಿತ್ರ ಮಾತ್ರ ಬಣ್ಣ ಕಳೆದುಕೊಂಡು ಮೇಲೆ ಕೆಳಗೆ ಉರುಳುತ್ತಿದ್ದರೆ ಅದೂ ರೀಜನ್ ತೊಂದರೆ ಅಲ್ಲ. ಪಾಲ್, ಎನ್‌ಟಿಎಸ್‌ಸಿ ಅನ್ನೋ ಟಿವಿ ಪದ್ಧತಿಗಳ ಜಗಳ ಅದು. ಮನೆಯಲ್ಲೇ ರೆಕಾರ್ಡ್ ಮಾಡಿದ ಡಿಸ್ಕ್‌ಗಳಿಗಂತೂ ಸಾಮಾನ್ಯವಾಗಿ ರೀಜನ್ ಬೀಗವೇ ಇರಲ್ಲ. ಅವು ಬೇರೆ ಪ್ಲೇಯರ್‌ನಲ್ಲಿ ಓಡದಿದ್ದರೆ ರೆಕಾರ್ಡ್ ಆದ ಮೇಲೆ ‘ಫೈನಲೈಸ್’ ಮಾಡೋದು, ಅಂದರೆ ಬೇರೆ ಪ್ಲೇಯರ್‌ಗಳೂ ಓದುವಂತೆ ಡಿಸ್ಕನ್ನು ಮುಗಿಸುವ ಕೊನೆಯ ಹಂತ, ಮರೆತಿರುವ ಸಾಧ್ಯತೆಯೇ ಹೆಚ್ಚು.

ಡಿವಿಡಿ 1996ರ ಕೊನೆಗೆ ಜಪಾನಿನಲ್ಲಿ, 1997ರಲ್ಲಿ ಅಮೆರಿಕದಲ್ಲಿ ಮಾರುಕಟ್ಟೆಗೆ ಬಂತು. ಬರುವಾಗಲೇ ಜಗತ್ತನ್ನು ತುಂಡು ಮಾಡಿಕೊಂಡು ಬಂತು. ಅಮೆರಿಕ, ಕೆನಡಾ ರೀಜನ್ 1. ಪಶ್ಚಿಮ ಯುರೋಪ್, ಜಪಾನ್ 2. ಆಗ್ನೇಯ ಏಷ್ಯಾ 3. ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಲ್ಯಾಟಿನ್ ಅಮೆರಿಕ 4. ಭಾರತ, ರಷ್ಯಾ, ಆಫ್ರಿಕಾದ ಬಹುಭಾಗ 5. ಚೀನಾ 6. ವಿಮಾನ, ಹಡಗುಗಳಿಗೆ 8 ಅಂತ ಬೇರೆಯೇ ನಂಬರು! ಕವರಿನ ಹಿಂಬದಿಯಲ್ಲಿ ಪುಟ್ಟ ಭೂಗೋಳದ ಚಿತ್ರದೊಳಗೆ ಈ ಅಂಕಿ ಇರುತ್ತೆ, ಕೊಳ್ಳುವ ಮೊದಲು ನೋಡಿ. ಡಿಸ್ಕಿನೊಳಗೆ ಇದಕ್ಕೆ ಮೀಸಲಿರೋದು ಒಂದೇ ಒಂದು ಬೈಟ್. ಎಂಟು ಬಿಟ್, ಎಂಟು ರೀಜನ್. ಅಮ್ಮನಿಗೂ ಆ ಸಿನಿಮಾಗಳಿಗೂ ನಡುವೆ ಅಡ್ಡ ನಿಂತಿದ್ದು ಅಷ್ಟೇ.

ಯಾಕೆ ಬೇಕಿತ್ತು ಇದು? ಆಗ ಒಂದೇ ಸಿನಿಮಾ ಒಂದು ದೇಶದ ಚಿತ್ರಮಂದಿರಕ್ಕೆ ಬಂದು ಎಷ್ಟೋ ತಿಂಗಳಾದ ಮೇಲೆ ಇನ್ನೊಂದು ದೇಶಕ್ಕೆ ಹೋಗುತ್ತಿತ್ತು. ಅಲ್ಲಿ ಬಿಡುಗಡೆ ಆಗುವ ಮೊದಲೇ ಡಿಸ್ಕ್ ಹೋಗಿ ಸೇರಬಾರದು, ದೇಶಕ್ಕೊಂದು ಬೆಲೆ ಇಟ್ಟು ಮಾರಬೇಕು ಅನ್ನೋದು ಸ್ಟುಡಿಯೋಗಳ ಲೆಕ್ಕ. ಹೊಸ ಸಿನಿಮಾದ ಮಟ್ಟಿಗೆ ಆ ಲೆಕ್ಕ ನನಗೆ ಅರ್ಥವಾಗುತ್ತೆ. ಐವತ್ತು ಅರವತ್ತು ವರ್ಷ ಹಿಂದಿನ ಚಿತ್ರಕ್ಕೆ ಯಾವ ಬಿಡುಗಡೆ ಕಾಯಬೇಕಿತ್ತು? ದುಡ್ಡು ಕೊಟ್ಟು, ಬಿಲ್ ಪಡೆದು ತಂದ ಅಸಲಿ ಡಿಸ್ಕ್ ಅದು. ಅದನ್ನು ನೋಡುವ ಹಕ್ಕು ಕೊಂಡವರಿಗಿಲ್ಲ ಅನ್ನೋದು ಅನ್ಯಾಯ. 2009ರಲ್ಲಿ ಒಬಾಮ ಅವರು ಬ್ರಿಟನ್ ಪ್ರಧಾನಿ ಗಾರ್ಡನ್ ಬ್ರೌನ್ ಅವರಿಗೆ 25 ಅಮೆರಿಕನ್ ಸಿನಿಮಾಗಳ ಡಿವಿಡಿ ಸೆಟ್ ಉಡುಗೊರೆ ಕೊಟ್ಟಾಗಲೂ, ಅವು ರೀಜನ್ 1ರವು, ಅಲ್ಲಿ ಓಡಲ್ಲ ಅಂತ ಬ್ರಿಟಿಷ್ ಪತ್ರಿಕೆಗಳು ಬರೆದವು.

ಈಗ ಕಂಪ್ಯೂಟರ್ ವಿಷಯ. ಅವಸರ ಮಾಡಿ ಕೆಡಿಸಿಕೊಳ್ಳೋದು ಇಲ್ಲೇ. 2000ದಿಂದೀಚಿನ ಡಿವಿಡಿ ಡ್ರೈವ್‌ಗಳಲ್ಲಿ ರೀಜನ್ ಬದಲಿಸಲು ನಮಗೆ ಸಿಗೋದು ಐದೇ ಅವಕಾಶ. ವಿಂಡೋಸ್‌ನಲ್ಲಿ ಡಿವೈಸ್ ಮ್ಯಾನೇಜರ್‌ಗೆ ಹೋಗಿ ಡ್ರೈವಿನ ಪ್ರಾಪರ್ಟೀಸ್ ತೆರೆದರೆ ‘ಡಿವಿಡಿ ರೀಜನ್’ ಅನ್ನೋ ಟ್ಯಾಬ್‌ನಲ್ಲಿ ಎಷ್ಟು ಉಳಿದಿದೆ ಅಂತ ಕಾಣುತ್ತೆ. ಅಕ್ಕನ ಡಿಸ್ಕಿಗಾಗಿ ನಾನು 1 ಮಾಡಿದೆ. ನಮ್ಮ ಹಳೆಯ ಡಿಸ್ಕ್ ನೋಡಲು ಮತ್ತೆ 5 ಮಾಡಿದೆ. ಒಂದೇ ವಾರದಲ್ಲಿ ಆಚೆ ಈಚೆ ಮಾಡುತ್ತಾ ಹೋದೆ. ಒಂದು ರಾತ್ರಿ ಆ ಟ್ಯಾಬ್ ತೆರೆದರೆ ಉಳಿದಿದ್ದು ಸೊನ್ನೆ. ಡ್ರೈವ್ ರೀಜನ್ 1ಕ್ಕೇ ಕಚ್ಚಿಕೊಂಡಿತು, ಕಪಾಟಿನಲ್ಲಿದ್ದ ರೀಜನ್ 5ರ ಡಿಸ್ಕ್‌ಗಳಿಗೆ ಬಾಗಿಲು ಮುಚ್ಚಿತು. ವಿಂಡೋಸನ್ನೇ ಹೊಸದಾಗಿ ಹಾಕಿ ನೋಡಿದೆ, ಏನೂ ಆಗಲಿಲ್ಲ. ಲೆಕ್ಕ ಇರೋದು ಡ್ರೈವಿನ ಒಳಗೆ, ಕಂಪ್ಯೂಟರಿನಲ್ಲಲ್ಲ. ಅದನ್ನು ಬಿಚ್ಚಿ ಬೇರೆ ಕಂಪ್ಯೂಟರಿಗೆ ಹಾಕಿದರೂ ಲೆಕ್ಕ ಜೊತೆಗೇ ಹೋಗುತ್ತೆ. ಹಾಗಾಗಿ ಡಿಸ್ಕ್ ಹಾಕಿದಾಗ ‘ರೀಜನ್ ಬದಲಿಸಲೇ’ ಅಂತ ಕೇಳಿದರೆ ದಯವಿಟ್ಟು ಸುಮ್ಮನೆ ‘ಓಕೆ’ ಒತ್ತಬೇಡಿ. ವಿಎಲ್‌ಸಿಯಂಥ, ಕಂಪ್ಯೂಟರಿನಲ್ಲಿ ವಿಡಿಯೋ ಓಡಿಸುವ ಸಾಫ್ಟ್‌ವೇರ್‌ನಲ್ಲಿ ಕೆಲವು ಡ್ರೈವ್‌ಗಳು ರೀಜನ್ ಬದಲಿಸದೆಯೂ ಡಿಸ್ಕ್ ಓಡಿಸುತ್ತವೆ, ಕೆಲವು ಒಪ್ಪಲ್ಲ. ಬೀಗ ದಾಟಿ ಓದೋದಕ್ಕೆ ಕೆಲವು ದೇಶಗಳಲ್ಲಿ ಕಾನೂನಿನ ತಡೆಯೂ ಇದೆ.

ಟಿವಿಗೆ ಹಚ್ಚುವ ಪ್ಲೇಯರ್ ಆದರೆ, ಹಲವು ಮಾಡೆಲ್‌ಗಳಲ್ಲಿ ರಿಮೋಟಿನಿಂದ ಅಂಕಿ ಒತ್ತಿ ಎಲ್ಲ ರೀಜನ್‌ಗೂ ತೆರೆಯಬಹುದು. ಆದರೆ ಅಂಕಿ ಮಾಡೆಲ್‌ನಿಂದ ಮಾಡೆಲ್‌ಗೆ ಬೇರೆ. ಪ್ಲೇಯರಿನ ಹಿಂದೆ ಬರೆದಿರುವ ಪೂರ್ತಿ ಮಾಡೆಲ್ ನಂಬರ್ ಓದಿಕೊಂಡು ಅದರದ್ದನ್ನೇ ಹುಡುಕಿ, ಕಂಡಕಂಡದ್ದು ಒತ್ತಬೇಡಿ. ರೀಜನ್-ಫ್ರೀ ಮಾಡಿದ ಮೇಲೂ ಅಮೆರಿಕದ ಕೆಲವು ಡಿಸ್ಕ್ ಹಟ ಮಾಡುತ್ತವೆ. ಎಲ್ಲದಕ್ಕೂ ಹೂಂ ಅನ್ನುವ ಪ್ಲೇಯರನ್ನು ಪತ್ತೆ ಹಚ್ಚಲೆಂದೇ ಅವುಗಳಲ್ಲಿ ಇನ್ನೊಂದು ಪರೀಕ್ಷೆ ಇಟ್ಟಿದ್ದಾರೆ, ಆರ್‌ಸಿಇ ಅಂತ. ಆಗ ‘ಎಲ್ಲ ರೀಜನ್’ ಬಿಟ್ಟು ಖಚಿತವಾಗಿ 1 ಅಂತಲೇ ಇಟ್ಟು ನೋಡಬೇಕು. ಡಿವಿಡಿಯ ನಂತರ ಬಂದ ಬ್ಲೂ-ರೇ ಡಿಸ್ಕಿಗೆ ಎ, ಬಿ, ಸಿ ಅಂತ ಬೇರೆ ವಿಂಗಡಣೆ. 4ಕೆ ಬ್ಲೂ-ರೇಗೆ ಈ ರಗಳೆಯನ್ನೇ ಕೈಬಿಟ್ಟಿದ್ದಾರೆ. ಹೊಸದಕ್ಕೆ ಬೇಡವಾದ ಬೀಗ ಹಳೆಯದರ ಮೇಲೆ ಮಾತ್ರ ಹಾಗೇ ಕೂತಿದೆ. ಮರುಮುದ್ರಣ ಕಾಣದ, ಯಾವ ಆ್ಯಪ್‌ನಲ್ಲೂ ಸಿಗದ ಎಷ್ಟೋ ಚಿತ್ರ ಈಗ ಉಳಿದಿರೋದೇ ಇಂಥ ಡಿಸ್ಕ್‌ಗಳಲ್ಲಿ ಅನ್ನೋದು ನನ್ನ ಹೊಟ್ಟೆಯುರಿ.

ನಾನು ಕೊನೆಗೆ ಕಂಡುಕೊಂಡ ದಾರಿ ಸಲೀಸಾದದ್ದು. ಯುಎಸ್‌ಬಿಗೆ ಚುಚ್ಚುವ ಇನ್ನೊಂದು ಡ್ರೈವ್ ತಂದು ಅದನ್ನು 5ಕ್ಕೆ ಇಟ್ಟೆ. 1ಕ್ಕೆ ನಿಂತುಹೋದ ಹಳೆಯದನ್ನೂ ಹಾಗೇ ಉಳಿಸಿಕೊಂಡೆ. ಎರಡರ ಮೇಲೂ ಚೀಟಿ ಅಂಟಿಸಿ ದಪ್ಪಕ್ಷರದಲ್ಲಿ ನಂಬರ್ ಬರೆದಿದ್ದೇನೆ. ಅಮ್ಮ ಈಗ ಕವರ್ ತಿರುಗಿಸಿ, ಕನ್ನಡಕ ಸರಿಮಾಡಿಕೊಂಡು ಭೂಗೋಳದೊಳಗಿನ ಅಂಕಿ ನೋಡಿ, “ಇದು ಒಂದು, ಅಕ್ಕನ ಕಡೆದು” ಅಂತ ನನ್ನ ಕೈಗೆ ಕೊಡುತ್ತಾರೆ.