ಎಂಎಸ್ಸಿ ಮುಗಿಯಿತು, ಮಗುವಿನ ಪಕ್ಕ ಕೂರುವುದನ್ನು ಕಲಿಸುವವರು ಯಾರು?

ಮೊನ್ನೆ ಹಾಸನದ ಬಸ್ ಸ್ಟ್ಯಾಂಡಿನಲ್ಲಿ ಪರಿಚಯದ ಹುಡುಗಿಯೊಬ್ಬಳು ಸಿಕ್ಕಳು. ಬಿಎನಲ್ಲಿ ಸೈಕಾಲಜಿ ಓದಿದ್ದಾಳೆ. "ಅಕ್ಕಾ, ನಿಮ್ಮ ಥರ ಸ್ಕೂಲಲ್ಲಿ ಕೌನ್ಸೆಲರ್ ಆಗಿ ಕೆಲಸ ಮಾಡ್ಬೇಕು. ಎಂಎಸ್ಸಿ ಮಾಡಿದ್ರೆ ಸಾಕಲ್ವಾ?" ಅಂದಳು. ಅಷ್ಟರಲ್ಲಿ ಬೇಲೂರು ಬಸ್ ಬಂತು, ಅರ್ಧ ಉತ್ತರ ಕೊಟ್ಟು ಹತ್ತಿಬಿಟ್ಟೆ. ಉಳಿದರ್ಧ ಇಲ್ಲಿ ಬರೆಯುತ್ತಿದ್ದೇನೆ.

ಎಂಎಸ್ಸಿ ಬೇಕು. ಆದರೆ ಸಾಲದು ಕಣಮ್ಮಾ.

ನಾನು ಓದು ಮುಗಿಸಿ ಇಲ್ಲಿನ ಒಂದು ಶಾಲೆಗೆ ಕೌನ್ಸೆಲರ್ ಆಗಿ ಸೇರಿದ ವರ್ಷ, ಆರನೇ ಕ್ಲಾಸಿನ ಹುಡುಗನೊಬ್ಬನನ್ನು ನನ್ನ ಹತ್ತಿರ ಕಳಿಸಿದರು. "ಓದೋಕೆ ಆಸಕ್ತಿನೇ ಇಲ್ಲ ಮೇಡಂ, ಸೋಮಾರಿ." ನಾನೂ ನಂಬಿದೆ. ಐದು ವಾರ ಗುರಿ, ಟೈಮ್‌ಟೇಬಲ್, ಧೈರ್ಯ ಅಂತ ಮಾತಾಡಿದೆ. ಅವನು ತಲೆಯಾಡಿಸುತ್ತಿದ್ದ. ಒಂದು ದಿನ ಸುಮ್ನೆ ಕನ್ನಡ ಪುಸ್ತಕ ಕೊಟ್ಟು, ಜೋರಾಗಿ ಓದು ಮಗಾ ಅಂದೆ. ಬೆರಳಿಟ್ಟುಕೊಂಡು ಶುರು ಮಾಡಿದ. 'ಮರ', 'ಮನೆ' ಸಲೀಸು. 'ಅಜ್ಜಿ' ಹತ್ತಿರ ಬೆರಳು ನಿಂತಿತು. 'ಕಷ್ಟ' ಅನ್ನುವುದನ್ನು 'ಕಥೆ' ಅಂತ ಓದಿದ. 'ಶಾಸ್ತ್ರ' ಬಂದಾಗ ಅದನ್ನು ಬಿಟ್ಟು ಮುಂದಿನ ಪದಕ್ಕೆ ಹೋದ, ನಾನು ನೋಡಿದೆನಾ ಅಂತ ಓರೆಗಣ್ಣಲ್ಲಿ ನೋಡಿದ. ಒತ್ತಕ್ಷರ ಇದ್ದ ಕಡೆಯೆಲ್ಲ ಬರೀ ಊಹೆ. ಅವನಿಗೆ ಓದಲು ಬರುತ್ತಿರಲಿಲ್ಲ, ನಾನು ಐದು ವಾರ ಓದುವ ಮನಸ್ಸು ಮಾಡು ಅಂದಿದ್ದೆ. ಈಗಲೂ ಅದು ನನಗೆ ಚುಚ್ಚುತ್ತದೆ.

ಡಿಸ್ಲೆಕ್ಸಿಯಾ, ಅಂದರೆ ಅಕ್ಷರ ಓದಿ ಬರೆಯಲು ಕಷ್ಟವಾಗುವ ಕಲಿಕಾ ತೊಂದರೆ, ಅದರ ಬಗ್ಗೆ ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆದಿದ್ದೆ. ಆದರೆ ಓದಲು ತಡವರಿಸುವ ಮಗುವಿನ ಪಕ್ಕ ನನ್ನನ್ನು ಯಾರೂ ಕೂರಿಸಿರಲಿಲ್ಲ. ಇಂಟರ್ನ್‌ಶಿಪ್ ಮಾಡಿದ್ದು ಆಸ್ಪತ್ರೆಯಲ್ಲಿ, ಒಂದು ತಿಂಗಳು, ಜಾಸ್ತಿ ಹೊತ್ತು ಫೈಲ್ ನೋಡುತ್ತಾ.

ಮಕ್ಕಳ ಕಲಿಕೆಯ ಕಷ್ಟಕ್ಕೆ ಸೈಕಾಲಜಿಯಲ್ಲಿ ದಾರಿ ಹುಡುಕುವ ಈ ಕೆಲಸ ಶುರುವಾಗಿದ್ದೇ ಒಬ್ಬ ಟೀಚರ್‌ನಿಂದ. 1896ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಸೈಕಾಲಜಿಸ್ಟ್ ಲೈಟ್ನರ್ ವಿಟ್ಮರ್ ಹತ್ತಿರ ಒಬ್ಬ ಟೀಚರ್ ತಮ್ಮ ವಿದ್ಯಾರ್ಥಿಯ ಕಷ್ಟ ತಂದರು. 14 ವರ್ಷದ ಹುಡುಗ, ಸ್ಪೆಲ್ಲಿಂಗ್ ಬರುತ್ತಿರಲಿಲ್ಲ. ವಿಟ್ಮರ್ ಅದೇ ವರ್ಷ ಇಂಥ ಮಕ್ಕಳಿಗಾಗಿ ಸೈಕಾಲಜಿ ಕ್ಲಿನಿಕ್ ತೆರೆದರು. ಈಗ ಅಲ್ಲಿ ಸ್ಕೂಲ್ ಸೈಕಾಲಜಿಸ್ಟ್ ಆಗಲು ಡಿಗ್ರಿ ಆದಮೇಲೆ ಸಾಮಾನ್ಯವಾಗಿ ಮೂರು ವರ್ಷ ಓದಬೇಕು. ಅವರ ರಾಷ್ಟ್ರೀಯ ಸಂಘದ ಮಾನದಂಡದಲ್ಲಿ ಇಂಟರ್ನ್‌ಶಿಪ್ಪೇ 1200 ಗಂಟೆ, ಅದರಲ್ಲಿ ಕನಿಷ್ಠ 600 ಗಂಟೆ ಶಾಲೆಯೊಳಗೇ ಆಗಬೇಕು, ಅದೂ ಅನುಭವಸ್ಥರ ಕಣ್ಣೆದುರು. ನಮ್ಮಲ್ಲಿ ಕ್ಲಿನಿಕಲ್ ಕಡೆ ಹೋಗುವವರಿಗೆ ಆರ್‌ಸಿಐ (ಭಾರತೀಯ ಪುನರ್ವಸತಿ ಮಂಡಳಿ) ಮಾನ್ಯತೆಯ ಕೋರ್ಸ್ ಇದೆ, ಆಸ್ಪತ್ರೆಯಲ್ಲಿ ಸರಿಯಾದ ತರಬೇತಿಯೂ ಇದೆ. ಶಾಲೆಗೆ ಬರುವವರಿಗೆ ಅಷ್ಟು ಗಟ್ಟಿ ದಾರಿ ಇಲ್ಲ. ನನ್ನ ತಕರಾರು ಇದೊಂದೇ.

ಮಕ್ಕಳ ಬುದ್ಧಿ ಅಳೆಯುವ ಟೆಸ್ಟ್‌ಗಳ ವಿಷಯವೂ ಹಾಗೇ. ಬಿನೆ-ಕಾಮತ್ ಟೆಸ್ಟ್ ಕಿಟ್ ಬಿಚ್ಚಿ ಅಂಕ ಹಾಕುವುದನ್ನು ಕಾಲೇಜಲ್ಲಿ ಕಲಿಯಬಹುದು. ಆದರೆ ಸಕಲೇಶಪುರದ ಎಸ್ಟೇಟ್ ಲೈನಿನ, ಅಂದರೆ ತೋಟದ ಕೂಲಿಯವರ ಸಾಲುಮನೆಯ, ಮಗುವನ್ನು ನೋಡಿ. ಮನೆಯಲ್ಲಿ ತಮಿಳೋ ತುಳುವೋ, ಆಟಕ್ಕೆ ಕನ್ನಡ, ಪುಸ್ತಕ ಇಂಗ್ಲಿಷ್. ಆ ಮಗು ಕಡಿಮೆ ಅಂಕ ತೆಗೆದರೆ ಅದು ಬುದ್ಧಿಯ ಕೊರತೆಯೋ, ಪ್ರಶ್ನೆಯೇ ಅರ್ಥವಾಗಲಿಲ್ಲವೋ? ಇದನ್ನು ತಪ್ಪಾಗಿ ಬರೆದರೆ ಆ ಹಾಳೆ ಆ ಮಗುವಿನ ಹಿಂದೆ ವರ್ಷಗಟ್ಟಲೆ ಬರುತ್ತದೆ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ಕಲಿಕಾ ನ್ಯೂನತೆಯೂ ಸೇರಿದೆ. ಸರ್ಟಿಫಿಕೇಟ್ ಇದ್ದರೆ ಎಸ್‌ಎಸ್‌ಎಲ್‌ಸಿಯಲ್ಲಿ ಹೆಚ್ಚಿನ ಸಮಯದಂಥ ಅನುಕೂಲ ಕೇಳಬಹುದು. ಆದರೆ ಸಮಸ್ಯೆ ಇದೆ ಅಂತ ಮೊದಲು ಯಾರಾದರೂ ಗುರುತಿಸಬೇಕಲ್ಲ. ನಮ್ಮ ಕಡೆಯ ಎಷ್ಟೋ ತಂದೆತಾಯಿಗೆ ಅದು ಗೊತ್ತಾಗುವುದು ಮಗು ಒಂಬತ್ತನೇ ಕ್ಲಾಸಿಗೆ ಬಂದಾಗ, ಕೂಲಿ ಬಿಟ್ಟು ಬೆಂಗಳೂರಿಗೆ ಓಡಾಡುವಾಗ.

ಅದಕ್ಕೇ ಆ ಹುಡುಗಿಗೆ ಹೇಳುವುದು: ಕಾಲೇಜು ಆರಿಸುವಾಗ ಕಟ್ಟಡ ನೋಡಬೇಡ, ಫೀಸನ್ನೊಂದೇ ನೋಡಬೇಡ. ಎಷ್ಟು ದಿನ ಶಾಲೆಗೆ ಕಳಿಸುತ್ತೀರಿ, ನಾನು ಬರೆದ ರಿಪೋರ್ಟನ್ನು ಕೂತು ತಿದ್ದುವವರು ಯಾರು, ಈ ಎರಡು ಕೇಳು. ಅವರು ಉತ್ತರ ಕೊಡಲು ತಡವರಿಸಿದರೆ ಬೇರೆ ಕಡೆ ನೋಡು.

ಜೂನ್‌ನಲ್ಲಿ ನಮ್ಮ ಶಾಲೆಗೆ ಇಬ್ಬರು ಎಂಎಸ್ಸಿ ವಿದ್ಯಾರ್ಥಿಗಳು ಬರಲು ಹೆಡ್ ಮೇಡಂ ಒಪ್ಪಿದ್ದಾರೆ. ಮೊದಲ ಎರಡು ವಾರ ಅವರ ಕೈಗೆ ಟೆಸ್ಟೂ ಇಲ್ಲ, ಫಾರಮ್ಮೂ ಇಲ್ಲ. ನಾಲ್ಕನೇ ಕ್ಲಾಸಿನ ಹಿಂದಿನ ಬೆಂಚಲ್ಲಿ ಕೂತು ಮಕ್ಕಳು ಓದುವುದನ್ನು ಕೇಳಲಿ ಅಂದಿದ್ದೇನೆ.